ನಾನೇ ಕಟ್ಟಿದ ಬ್ರೇಕು

ನನ್ನ 1968ರ ಜೀಪಿನ ಬ್ರೇಕನ್ನು ಮೊನ್ನೆ ನಾನೇ ಬಿಚ್ಚಿ ಕಟ್ಟಿದೆ. ಚಕ್ರದ ಸಿಲಿಂಡರುಗಳಿಗೆ ಹೊಸ ರಬ್ಬರು ಹಾಕಿದ್ದಾಯಿತು. ಮಗ ಪೆಡಲು ತುಳಿದು ಹಿಡಿದ, ನಾನು ಅಡಿಯಲ್ಲಿ ಮಲಗಿ ಕೊಳವೆಯೊಳಗಿನ ಗಾಳಿ ತೆಗೆದೆ. ಈ ಚಾಕರಿ ತಂದ ಹೆಮ್ಮೆಯನ್ನು ಕಚೇರಿಯ ಬಡ್ತಿಯೂ ತಂದಿರಲಿಲ್ಲ.

ಅಷ್ಟರಲ್ಲಿ ನೆರೆಮನೆಯ ಅಜ್ಜಿ, “ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ನನ್ನನ್ನೂ ಕರಕೊಂಡು ಹೋಗಪ್ಪಾ” ಎಂದರು. ಎದೆ ಧಸಕ್ಕೆಂದಿತು. ಆ ಕಾಲದ ಜೀಪಿನಲ್ಲಿ ನಾಲ್ಕು ಚಕ್ರಕ್ಕೂ ಬ್ರೇಕ್ ಎಣ್ಣೆಯ ದಾರಿ ಒಂದೇ. ಒಂದೆಡೆ ಸೋರಿದರೆ ನಾಲ್ಕೂ ಹೋದಂತೆ. ನನ್ನ ಪ್ರಾಣವನ್ನು ನನ್ನ ಕೈಗೆ ಒಪ್ಪಿಸಲು ಯಾರ ಅಪ್ಪಣೆಯೂ ಬೇಡ, ಆಕೆಯದನ್ನು? ಮೆಕ್ಯಾನಿಕನೂ ತಪ್ಪುತ್ತಾನೆ, ನಿಜ. ಆದರೆ ಅವನು ದಿನವೂ ಕಟ್ಟುವವನು, ನಾನು ಜನ್ಮಕ್ಕೊಮ್ಮೆ.

ಇದ್ದದ್ದನ್ನು ಹೇಳಿಬಿಟ್ಟೆ. ಅಜ್ಜಿ ನಕ್ಕು, “ಹಾಗಾದರೆ ಮಗನನ್ನು ಯಾವ ಧೈರ್ಯದ ಮೇಲೆ ಕೂರಿಸಿಕೊಳ್ಳುತ್ತೀ?” ಎಂದರು. ಗ್ಯಾರೇಜಿನವನನ್ನು ನಾಳೆ ಬರಹೇಳಿದ್ದೇನೆ.