ಶತಮಾನವೂ ಒಬ್ಬನ ಆಯುಷ್ಯವೂ

ನ್ಯಾಮತಿಯ ಸೀಮೆಯಲ್ಲಿ 1908ರಲ್ಲಿ ಹುಟ್ಟಿ 1998ರಲ್ಲಿ ಕಣ್ಮುಚ್ಚಿದ ಬೇಸಾಯಗಾರನೊಬ್ಬನನ್ನು ಓದುಗರು ಭಾವಿಸಿಕೊಳ್ಳಬಹುದು. ಅಂಥವನ ಹೆಸರು ಯಾವ ಚರಿತ್ರಗ್ರಂಥದಲ್ಲಿಯೂ ದೊರೆಯದು. ಆದರೆ ಚರಿತ್ರೆಯು ಅವನ ಹೊಸ್ತಿಲನ್ನು ತುಳಿಯದೆ ಹೋಗಲಿಲ್ಲ. ಅವನ ಹತ್ತನೆಯ ವಯಸ್ಸಿನಲ್ಲಿ, 1918ರ ಇನ್‌ಫ್ಲುಯೆಂಜಾ ಜ್ವರವು ಭರತಖಂಡದಲ್ಲಿ ಕೋಟಿಗೂ ಮಿಕ್ಕ ಜನರನ್ನು ಕೊಂಡೊಯ್ದಿತು, ಅವನು ಉಳಿದನು. ಆ ದಶಕದಲ್ಲಿ ಈ ದೇಶದಲ್ಲಿ ಹುಟ್ಟಿದ ಶಿಶುವಿನ ಸರಾಸರಿ ಆಯುಷ್ಯ ಸುಮಾರು 20 ವರ್ಷ ಮಾತ್ರವಾಗಿತ್ತು.

1947ರ ಆಗಸ್ಟ್ 15ರಂದು ದೇಶವು ಸ್ವತಂತ್ರವಾದರೂ ಅವನಿನ್ನೂ ಮಹಾರಾಜರ ಆಳ್ವಿಕೆಯ ಪ್ರಜೆಯೇ. ಮೈಸೂರಿಗೆ ಜವಾಬ್ದಾರಿ ಸರ್ಕಾರವು ಬಂದುದು ಚಳವಳಿಯ ತರುವಾಯ, ಅದೇ ವರ್ಷದ ಅಕ್ಟೋಬರಿನಲ್ಲಿ. 1956ರಲ್ಲಿ ರಾಜ್ಯವು ವಿಶಾಲವಾಯಿತು. 1973ರಲ್ಲಿ ಅದಕ್ಕೆ ಕರ್ನಾಟಕವೆಂದು ಹೆಸರಾಯಿತು. 1997ರಲ್ಲಿ ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ, ಚನ್ನಗಿರಿಗಳೂ ಚಿತ್ರದುರ್ಗ ಜಿಲ್ಲೆಯ ಜಗಳೂರೂ ಹೊಸ ದಾವಣಗೆರೆ ಜಿಲ್ಲೆಯಲ್ಲಿ ಸೇರಿದವು. ಅವನು ಉತ್ತ ನೆಲವು ಒಂದು ಗೇಣೂ ಸರಿಯಲಿಲ್ಲ. ವಿಳಾಸ ಮಾತ್ರ ಮತ್ತೆ ಮತ್ತೆ ಬದಲಾಯಿತು. ಮುಂದೆ ನ್ಯಾಮತಿಯೇ ಒಂದು ತಾಲ್ಲೂಕಾದುದನ್ನು ನೋಡಲು ಅವನಿರಲಿಲ್ಲ.

ಇದೆಲ್ಲವೂ ಅವನಿಗೆ ಆದುದೇ ಹೊರತು ಅವನಿಂದ ಆದುದಲ್ಲವೆಂದು ಹೇಳುವವರುಂಟು. ಆ ಮಾತಿನಲ್ಲಿ ಅರ್ಧ ಸತ್ಯವಿದೆ. 1960ರ ದಶಕದಲ್ಲಿ ಭದ್ರಾ ನಾಲೆಯ ನೀರು ಚನ್ನಗಿರಿಯ ಎಷ್ಟೋ ಹೊಲಗಳನ್ನು ಗದ್ದೆಯಾಗಿಸಿತು. ಜಗಳೂರಿನ ಬೇಸಾಯಗಾರನು ಅಷ್ಟೇ ದುಡಿದು, ಬಹುಪಾಲು ಮಳೆಯನ್ನೇ ನಂಬಿ, ಆಕಾಶವನ್ನು ನೋಡುತ್ತ ಉಳಿದನು. ನಾಲೆಯ ದಂಡೆಯವನು ತನ್ನ ಕಣಜ ತುಂಬಿದುದಕ್ಕೆ ತನ್ನ ರಟ್ಟೆಯೇ ಕಾರಣವೆಂದರೆ ಅದು ಅಹಂಕಾರ. ಜಗಳೂರಿನವನನ್ನು ಸೋಮಾರಿಯೆಂದರೆ ಅದು ಅನ್ಯಾಯ. ಸಂತೆಗಳಲ್ಲಿ ಎರಡೂ ಮಾತುಗಳು ಧಾರಾಳವಾಗಿ ಕೇಳಿಬರುತ್ತವೆ.

ಉಳಿದ ಅರ್ಧವು ಕಠಿನವಾದುದು. "ಕಾಲವೇ ಹಾಗಿತ್ತು, ನಾವೇನು ಮಾಡೋಣ?" ಎಂಬ ಸಮಾಧಾನವು ಎಲ್ಲೆಡೆ ಸಲ್ಲುವುದಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಅಸ್ಪೃಶ್ಯತೆಯನ್ನು ರದ್ದುಮಾಡಿತು. 1955ರ ಕಾಯಿದೆಯು ಅದರ ಆಚರಣೆಯನ್ನು ದಂಡನಾರ್ಹವಾಗಿಸಿತು. ಆದರೆ ದೆಹಲಿಯ ಕಾಯಿದೆಯು ಊರ ಬಾವಿಯವರೆಗೆ ತಾನಾಗಿ ನಡೆದುಬರಲಾರದು. ಬಾವಿಯ ಕಟ್ಟೆಯ ಮೇಲೆ ನಿಂತಿದ್ದವನು ಆಗ 47 ವರ್ಷದ ಈ ಬೇಸಾಯಗಾರನೇ. ಹಗ್ಗವನ್ನು ಬಿಟ್ಟುಕೊಡಲು ಅವನಿಗೆ ದೊರೆಯ ಅಪ್ಪಣೆ ಬೇಕಿರಲಿಲ್ಲ. ಮುಖ ತಿರುಗಿಸಲು ಯಾವ ಶತಮಾನವೂ ಅವನನ್ನು ಬಲಾತ್ಕರಿಸಲಿಲ್ಲ. 12ನೆಯ ಶತಮಾನದ ಶರಣರ ನುಡಿಯನ್ನು ನಿತ್ಯ ಪಠಿಸುವ ಮನೆಯವನಾಗಿದ್ದರಂತೂ, ಕಾಯಿದೆ ಬರುವ ತನಕ ತನಗೆ ಈ ವಿಷಯ ತಿಳಿದೇ ಇರಲಿಲ್ಲವೆಂದು ಹೇಳುವ ಹಾದಿಯೂ ಅವನಿಗಿರಲಿಲ್ಲ.

ಎರಡು ಮಹಾಯುದ್ಧಗಳನ್ನು ಅವನು ತಡೆಯಲಾರದವನು. ಅದಕ್ಕೆ ಯಾರೂ ಅವನನ್ನು ಲೆಕ್ಕ ಕೇಳುವುದಿಲ್ಲ. ಆದರೆ ಬೇಸಗೆಯ ಒಂದು ಮುಂಜಾನೆ, ಬರಿಯ ಕೊಡವನ್ನು ಹಿಡಿದು ಬಾವಿಯಿಂದ ದೂರದಲ್ಲಿ ನಿಂತಿದ್ದ ಹೆಂಗಸಿಗೆ ಅವನು ಏನೆಂದನೆಂಬುದು ಯಾವ ಗೆಜೆಟಿನಲ್ಲಿಯೂ ಅಚ್ಚಾಗಲಿಲ್ಲ. ಅವಳ ಮೊಮ್ಮಕ್ಕಳಿಗೆ ಅದು ಇಂದಿಗೂ ನೆನಪಿದೆ.