ಸ್ಪರ್ಧೆಯೊಳಗೊಂದು ತಾಲೀಮು

"ನಾನು ರೇಸ್ ಮಾಡ್ತಿಲ್ಲ ಗುರು, ಸುಮ್ನೆ ಟ್ರೇನಿಂಗ್‌ಗೆ ಬಂದಿದೀನಿ." ಊರಿನ ಯಾವುದೇ ಓಟದ ಸ್ಪರ್ಧೆಯ ಆರಂಭದ ಗೆರೆಯ ಹತ್ತಿರ ಹತ್ತು ನಿಮಿಷ ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ. ಮೈಸೂರಿನಲ್ಲಿ, ಅದೂ ಚಾಮುಂಡಿ ಬೆಟ್ಟದ ರಸ್ತೆ ಹತ್ತುವ ಓಟವಾದರೆ, ಇನ್ನೂ ಹೆಚ್ಚು. ಹೇಳಿದವನು ಶುಲ್ಕ ಕಟ್ಟಿದ್ದಾನೆ, ಎದೆಗೆ ನಂಬರ್ ಚುಚ್ಚಿಕೊಂಡಿದ್ದಾನೆ, ಆದರೆ ಮನಸ್ಸಿನಲ್ಲಿರುವುದು ಇನ್ನೆರಡು ತಿಂಗಳಿಗೆ ಬರುವ ಮ್ಯಾರಥಾನ್. ಪಕ್ಕದಲ್ಲಿ ನಿಂತವಳಿಗೆ ಈ ಓಟವೇ ವರ್ಷದ ಗುರಿ. ಆರು ತಿಂಗಳು ನಸುಕಿಗೆ ಎದ್ದದ್ದು ಇದಕ್ಕಾಗಿಯೇ. ಆಕೆಗೆ ಗುರಿಯಾದದ್ದನ್ನು ಅವನು ಮೆಟ್ಟಿಲು ಮಾಡಿಕೊಳ್ಳಬಹುದೇ? ಆಕೆಗೆ ಅವನ ಬಾಕಿ ಏನಾದರೂ ಇದೆಯೇ?

ನಾನೂ ಹೀಗೆ ಓಡಿದ್ದೇನೆ, ಮುಂದೆಯೂ ಓಡುತ್ತೇನೆ. ಆದ್ದರಿಂದ ಇದು ಹೊರಗೆ ನಿಂತು ಕೇಳಿದ ಪ್ರಶ್ನೆಯಲ್ಲ.

ಮೊದಲು, ತಾಲೀಮಿಗೆ ಸ್ಪರ್ಧೆಯೇ ಏಕೆ ಬೇಕು ಎಂಬುದು. ಬೆಟ್ಟ ಇಲ್ಲೇ ಇದೆ, ಊರಿಗಿಂತ ಸುಮಾರು 300 ಮೀಟರ್ ಎತ್ತರದಲ್ಲಿ, ಯಾವ ದಿನ ಬೇಕಾದರೂ ಹತ್ತಬಹುದು. ಏರಿನಲ್ಲಿ ಓಡುವವನು ಗಡಿಯಾರ ನಂಬುವ ಹಾಗಿಲ್ಲ. ಸಮತಟ್ಟಿನಲ್ಲಿ ಕಿಲೋಮೀಟರಿಗೆ 6 ನಿಮಿಷ ತೆಗೆದುಕೊಳ್ಳುವ ಕಾಲು ಇಲ್ಲಿ 8 ಕೇಳುತ್ತದೆ. ಉಸಿರನ್ನೇ ಅಳತೆಗೋಲು ಮಾಡಿಕೊಳ್ಳಬೇಕು. ಇಳಿಜಾರು ಸುಲಭ ಅನ್ನುವವರು ಇಳಿದು ನೋಡಿದವರಲ್ಲ. ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆದು ಹಿಡಿಯಬೇಕು. ಅದರ ಲೆಕ್ಕ ಚುಕ್ತಾ ಆಗುವುದು ಎರಡನೆಯ ದಿನ, ಹಾಸ್ಟೆಲಿನ ಮೆಟ್ಟಿಲು ಇಳಿಯುವಾಗ. ಇದನ್ನೆಲ್ಲ ಒಂಟಿಯಾಗಿ ಕಲಿಯಬಹುದು, ನಿಜ. ಆದರೆ ಸ್ಪರ್ಧೆಯ ದಿನ ವಾಹನ ತಡೆದಿರುತ್ತಾರೆ, ಅಲ್ಲಲ್ಲಿ ನೀರು ಕೊಡುತ್ತಾರೆ. ಬೀದಿನಾಯಿಗಳು ಕೂಡ ಇಷ್ಟೊಂದು ಜನರನ್ನು ಕಂಡು ಯಾರನ್ನು ಅಟ್ಟುವುದೆಂದು ತೋಚದೆ ಸುಮ್ಮನಿರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಆಸೆ ಇರುತ್ತದೆ. ಹಿಂದಿನವನು ದಾಟಿ ಹೋದಾಗ ಅಟ್ಟಿಸಿಕೊಂಡು ಹೋಗದೆ ತನ್ನ ಉಸಿರಿನ ಲಯದಲ್ಲೇ ಉಳಿಯುವ ಪಾಠ ಖಾಲಿ ರಸ್ತೆಯಲ್ಲಿ ಸಿಗುವುದಿಲ್ಲ. ಅದಕ್ಕೆ ದಾಟಿ ಹೋಗುವವರು ಬೇಕು.

ಅಂದರೆ ತಾಲೀಮಿನವನು ಉಳಿದವರ ಶ್ರಮವನ್ನು ಬಳಸಿಕೊಳ್ಳುತ್ತಿದ್ದಾನೆ. ನೈತಿಕ ಪ್ರಶ್ನೆ ಹುಟ್ಟುವುದು ಇಲ್ಲೇ.

ಬರ್ನಾರ್ಡ್ ಸೂಟ್ಸ್ ಎಂಬ ತತ್ವಶಾಸ್ತ್ರಜ್ಞ 1978ರಲ್ಲಿ ಪ್ರಕಟಿಸಿದ 'ದ ಗ್ರಾಸ್‌ಹಾಪರ್' ಪುಸ್ತಕದಲ್ಲಿ ಆಟವೆಂದರೇನೆಂದು ವಿವರಿಸುತ್ತಾನೆ. ಆಟವೆಂದರೆ ಬೇಕಿಲ್ಲದ ಅಡ್ಡಿಗಳನ್ನು ಬೇಕೆಂದೇ ಒಪ್ಪಿಕೊಂಡು ದಾಟುವ ಪ್ರಯತ್ನ. ಆಟ ಕೆಡಿಸುವವರಲ್ಲೂ ಅವನಿಗೆ ಬಗೆಗಳು ಕಾಣುತ್ತವೆ: ಗೆಲ್ಲಲು ನಿಯಮ ಮುರಿಯುವ ಮೋಸಗಾರ, ನಿಯಮವೂ ಬೇಡ ಗುರಿಯೂ ಬೇಡ ಎನ್ನುವ ಆಟಗೆಡುಕ, ನಿಯಮವನ್ನೆಲ್ಲ ಪಾಲಿಸುತ್ತ ಗುರಿಯ ಕಡೆ ಮಾತ್ರ ಹೊರಳದ ಹುಡುಗಾಟದವನು. ತಾಲೀಮಿನ ಓಟಗಾರ ಈ ಮೂರನೆಯವನೇ?

ಹೌದೆನ್ನುವವರಿಗೆ ಒಂದು ಬಲವಾದ ಉದಾಹರಣೆ ಇದೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮಹಿಳಾ ಬ್ಯಾಡ್ಮಿಂಟನ್ ಡಬಲ್ಸ್‌ನ ನಾಲ್ಕು ಜೋಡಿಗಳನ್ನು, ಅಂದರೆ ಚೀನಾದ ಒಂದು, ಇಂಡೋನೇಷ್ಯಾದ ಒಂದು, ದಕ್ಷಿಣ ಕೊರಿಯಾದ ಎರಡನ್ನು, ಗೆಲ್ಲಲು ಪೂರ್ಣ ಪ್ರಯತ್ನ ಮಾಡಲಿಲ್ಲವೆಂದು ಹೊರಹಾಕಿದರು. ಮುಂದಿನ ಸುತ್ತಿನಲ್ಲಿ ಅನುಕೂಲದ ಎದುರಾಳಿ ಸಿಗಲೆಂದು ಗುಂಪಿನ ಕೊನೆಯ ಪಂದ್ಯ ಸೋಲಲು ಹೊರಟಿದ್ದರು. ಕಾಕನ್ನು ಬೇಕೆಂದೇ ನೆಟ್‌ಗೆ ಹೊಡೆಯುತ್ತಿದ್ದುದನ್ನು ಕಂಡು ಪ್ರೇಕ್ಷಕರು ಕೂಗಿ ಪ್ರತಿಭಟಿಸಿದರು. ಅವರೂ ಇಂದಿನ ಪಂದ್ಯವನ್ನು ನಾಳೆಯದಕ್ಕೆ ಮೆಟ್ಟಿಲು ಮಾಡಿಕೊಂಡವರೇ.

ಆದರೆ ಈ ಹೋಲಿಕೆ ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಬ್ಯಾಡ್ಮಿಂಟನ್‌ನಲ್ಲಿ ನಾನು ಆಡದಿದ್ದರೆ ಎದುರಾಳಿಗೂ ಆಟವಿಲ್ಲ. ಕುಸ್ತಿಯೂ ಹಾಗೆಯೇ. ಗರಡಿಯ ಮಣ್ಣಿನಲ್ಲಿ ತಾಲೀಮು ಬೇರೆ, ದಸರೆಯ ಅಖಾಡದಲ್ಲಿ ಜೋಡಿ ಕಟ್ಟಿದ ಮೇಲಿನ ಕುಸ್ತಿ ಬೇರೆ. ಅಖಾಡದಲ್ಲಿ ತಾಲೀಮು ಮಾಡಿದರೆ ಎದುರು ನಿಂತವನ ಮರ್ಯಾದೆ ತೆಗೆದಂತೆ. ಬೆಟ್ಟದ ಓಟದಲ್ಲಿ ನನ್ನ ಪಕ್ಕದವಳ ಎದುರಾಳಿ ನಾನೊಬ್ಬನೇ ಅಲ್ಲ. ಆಕೆಗೆ ಏರಿದೆ, ಗಡಿಯಾರವಿದೆ, ಕಳೆದ ವರ್ಷದ ತನ್ನದೇ ಸಮಯವಿದೆ. ನಾನು ನಿಧಾನಿಸಿದರೆ ಆಕೆಯ ಓಟ ಕಿಂಚಿತ್ತೂ ಸುಳ್ಳಾಗುವುದಿಲ್ಲ.

ಕಾಲು ಮಾಡದ ಕೆಡುಕನ್ನು ನಾಲಗೆ ಮಾಡಬಲ್ಲದು. ಗಟ್ಟಿ ಓಟಗಾರನೊಬ್ಬ ತಾಲೀಮಿನ ವೇಗದಲ್ಲೇ ಓಡಿ ಮೊದಲಿಗನಾದ ಎನ್ನೋಣ. ಪ್ರಾಣ ಒತ್ತೆಯಿಟ್ಟು ಓಡಿದವನೊಬ್ಬ ಎರಡನೆಯವನು. ಇಲ್ಲಿಯವರೆಗೆ ಅನ್ಯಾಯವೇನೂ ಆಗಿಲ್ಲ. ಪದಕ ಕೊರಳಿಗೆ ಬಿದ್ದ ಮೇಲೆ ಮೊದಲನೆಯವನು "ನನಗಿದು ಬರೀ ಟ್ರೇನಿಂಗ್" ಎಂದರೆ? ಆ ಒಂದು ವಾಕ್ಯ ಎರಡನೆಯವನ ಬೆಳಗನ್ನೇ ಕಿತ್ತುಕೊಳ್ಳುತ್ತದೆ. ಸೋತವನು ಅದೇ ಮಾತಾಡಿದರೆ ಗೆದ್ದವನ ಗೆಲುವಿಗೆ ಕುಂದು. ಹೇಗೆ ಹೇಳಿದರೂ ಕಳೆದುಕೊಳ್ಳುವವನು ಇನ್ನೊಬ್ಬ.

ಹಾಗಾದರೆ ಮೊದಲೇ ಹೇಳಿಬಿಟ್ಟರೆ ಸರಿಯೇ? ದೊಡ್ಡ ಮ್ಯಾರಥಾನ್‌ಗಳಲ್ಲಿ ವೇಗ ಕಾಯಲೆಂದೇ ಹಣ ಕೊಟ್ಟು ಪೇಸರ್‌ಗಳನ್ನು ನಿಲ್ಲಿಸುತ್ತಾರೆ. ಗೆಲ್ಲುವುದು ಅವರ ಕೆಲಸವಲ್ಲವೆಂದು ಎಲ್ಲರಿಗೂ ಗೊತ್ತು, ಆದ್ದರಿಂದ ಅದು ಮೋಸವಲ್ಲ. 1994ರ ಲಾಸ್ ಏಂಜಲೀಸ್ ಮ್ಯಾರಥಾನ್‌ನಲ್ಲಿ ಪಾಲ್ ಪಿಲ್ಕಿಂಗ್ಟನ್ ಎಂಬ ಪೇಸರ್ ನಡುವೆ ನಿಲ್ಲದೆ ಓಡುತ್ತಲೇ ಹೋಗಿ ಗೆದ್ದುಬಿಟ್ಟ. ಎರಡನೆಯವನಾಗಿ ಬಂದ ಇಟಲಿಯ ಲೂಕಾ ಬರ್ಜಾಗಿ ತಾನೇ ಗೆದ್ದೆನೆಂದು ಸಂಭ್ರಮಿಸುತ್ತ ಗೆರೆ ದಾಟಿದ್ದ. ನಿಯಮದ ಪ್ರಕಾರ ಪಿಲ್ಕಿಂಗ್ಟನ್ ಗೆಲುವು ಗೆಲುವೇ. ಆದರೂ ಬರ್ಜಾಗಿಯನ್ನು ನೆನೆದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ತಾನು ಯಾರೊಡನೆ ಸ್ಪರ್ಧಿಸುತ್ತಿದ್ದೇನೆಂದು ಓಡುವವನಿಗೆ ಗೊತ್ತಿರಬೇಕಲ್ಲ?

ಮೊದಲೇ ಹೇಳುವ ಮಾತೂ ಗುರಾಣಿಯಾಗಬಲ್ಲದು ಎಂಬುದು ಇನ್ನೊಂದು ತೊಡಕು. ಎಡ್ವರ್ಡ್ ಜೋನ್ಸ್ ಮತ್ತು ಸ್ಟೀವನ್ ಬರ್ಗ್ಲಾಸ್ ಎಂಬ ಮನಶ್ಶಾಸ್ತ್ರಜ್ಞರು 1978ರಲ್ಲೇ ಈ ಬಗ್ಗೆ ಬರೆದರು. ಮೊದಲ ಪರೀಕ್ಷೆಯಲ್ಲಿ ಹೇಗೆ ಗೆದ್ದೆವೆಂದು ತಿಳಿಯದೆಯೇ ಗೆದ್ದವರು, ಮುಂದಿನ ಪರೀಕ್ಷೆಗೆ ಮುನ್ನ ಬುದ್ಧಿ ಮಂಕಾಗಿಸುತ್ತದೆಂದು ಹೇಳಿದ್ದ ಔಷಧಿಯನ್ನು ಹೆಚ್ಚಾಗಿ ಆಯ್ದುಕೊಂಡರು. ಸೋಲಿಗೆ ಮೊದಲೇ ಕಾರಣ ಇಟ್ಟುಕೊಳ್ಳುವ ಜಾಣತನ ಅದು. ವಿಶ್ವವಿದ್ಯಾಲಯದ ಕಾರಿಡಾರುಗಳಲ್ಲಿ ಇದು ಬಲು ಪರಿಚಿತ ಔಷಧಿ. ವಿಚಾರಸಂಕಿರಣದಲ್ಲಿ ಪ್ರಬಂಧ ಮಂಡಿಸುವವರು "ಇದಿನ್ನೂ ಕರಡು" ಎಂದೇ ಶುರು ಮಾಡುತ್ತಾರೆ. ಐದನೆಯ ವರ್ಷಕ್ಕೂ ಅದು ಕರಡೇ. ಟೀಕಿಸಿದವರು ಕರಡನ್ನು ಟೀಕಿಸಿದಂತಾಯಿತು, ಬರೆದವರಿಗೆ ತಗಲುವುದಿಲ್ಲ.

ಇದು ನಿಷ್ಕಾಮ ಕರ್ಮವಲ್ಲವೇ ಎಂದು ಕೇಳುವ ಗೆಳೆಯರಿದ್ದಾರೆ. ಅಲ್ಲ. ತಾಲೀಮಿನವನು ಫಲದ ಆಸೆ ಬಿಟ್ಟವನಲ್ಲ, ಮುಂದೂಡಿದವನು. ಗೀತೆಯ ಎರಡನೆಯ ಅಧ್ಯಾಯವನ್ನು ಇಲ್ಲಿಗೆ ಎಳೆದು ತರುವುದು ಅರ್ಜುನನಿಗೆ ಮಾಡುವ ಅನ್ಯಾಯ. ಅವನೆದುರು ಇದ್ದದ್ದು ತಾಲೀಮಲ್ಲ.

ತಾಲೀಮನ್ನೂ ತಾಲೀಮಿನ ಸೋಗನ್ನೂ ಬೇರ್ಪಡಿಸುವ ಒಂದು ಪರೀಕ್ಷೆ ನನಗೆ ಕಾಣುತ್ತದೆ: ಈ ಓಟದಲ್ಲಿ ನೀನು ಸೋಲುವುದಕ್ಕೆ ಏನಾದರೂ ಇದೆಯೇ? ಏರಿನುದ್ದಕ್ಕೂ ಎರಡು ಮಾತಾಡುವಷ್ಟು ಉಸಿರು ಉಳಿಸಿಕೊಳ್ಳುತ್ತೇನೆ, ಇಳಿಜಾರಿನಲ್ಲಿ ಹೆಜ್ಜೆ ಚಿಕ್ಕದಾಗಿಡುತ್ತೇನೆ, ಕೊನೆಯ 3 ಕಿಲೋಮೀಟರ್ ಗಟ್ಟಿಯಾಗಿ ಓಡುತ್ತೇನೆ ಎಂದುಕೊಂಡವನು ಈ ಮೂರರಲ್ಲೂ ಸೋಲಬಹುದು. ಅವನು ಅಲ್ಲಿ ಪೂರ್ತಿಯಾಗಿ ಇದ್ದಾನೆ, ಪಕ್ಕದವಳಷ್ಟೇ. ಹೊತ್ತ ಭಾರ ಮಾತ್ರ ಬೇರೆ. ಎಷ್ಟು ಹೊತ್ತಿಗೆ ಮುಗಿಸಿದರೂ ಸರಿ, ಹೇಗೆ ಮುಗಿಸಿದರೂ ಸರಿ ಎನ್ನುವವನು ಸ್ಪರ್ಧೆಯನ್ನೂ ಮಾಡುತ್ತಿಲ್ಲ, ತಾಲೀಮನ್ನೂ ಮಾಡುತ್ತಿಲ್ಲ. ಸೂಟ್ಸ್ ಹೇಳಿದ ಹುಡುಗಾಟದವನು ಇವನೇ.

ದಕ್ಷಿಣ ಆಫ್ರಿಕಾದ ಡರ್ಬನ್ ಮತ್ತು ಪೀಟರ್‌ಮಾರಿಟ್ಸ್‌ಬರ್ಗ್ ನಡುವೆ 1921ರಿಂದ ಕಾಮ್ರೇಡ್ಸ್ ಎಂಬ ಓಟ ನಡೆಯುತ್ತಿದೆ, ದೂರ ಸುಮಾರು 90 ಕಿಲೋಮೀಟರ್. ಅದಕ್ಕೆ ಸಿದ್ಧವಾಗುವವರ ತಾಲೀಮಿಗೆಂದು 1970ರಲ್ಲಿ ಕೇಪ್‌ಟೌನಿನ ಗುಡ್ಡಗಳ ರಸ್ತೆಯಲ್ಲಿ 26 ಜನ ಒಂದು ಓಟ ಓಡಿದರು. ಅದೇ ಈಗಿನ ಟೂ ಓಷನ್ಸ್, ಚಾಪ್‌ಮನ್ಸ್ ಪೀಕ್ ಮತ್ತು ಕಾನ್‌ಸ್ಟಾನ್ಷಿಯಾ ನೆಕ್ ಏರುಗಳ 56 ಕಿಲೋಮೀಟರ್. ಆ 26 ಜನರಲ್ಲಿ ಎಷ್ಟು ಮಂದಿ "ಸುಮ್ನೆ ಟ್ರೇನಿಂಗ್‌ಗೆ" ಅಂದುಕೊಂಡು ಗೆರೆಯ ಹತ್ತಿರ ನಿಂತಿದ್ದರೋ. ಈಗ ಅಲ್ಲಿಗೆ ಸಾವಿರಾರು ಜನ ಬರುತ್ತಾರೆ. ಆ ಓಟವನ್ನೇ ಗುರಿಯಾಗಿಟ್ಟುಕೊಂಡು, ಅದಕ್ಕೆ ತಾಲೀಮೆಂದು ಊರಿನ ಸಣ್ಣಪುಟ್ಟ ಗುಡ್ಡದ ಓಟಗಳಿಗೆ ಹೆಸರು ಕೊಡುವವರೂ ಇದ್ದಾರೆ.