ಟೋಪಿ ಹಾಕಿದವನ ಪಶ್ಚಾತ್ತಾಪಕ್ಕೆ ಪುರಾವೆ ಏನು?

"ಸಾಹೇಬ್ರ, ಮನಿ ಪಾಯ ತೆಗಿಯುವಾಗ ಒಂದು ಕೊಡ ಸಿಕ್ಕೈತ್ರಿ. ತುಂಬ ಬಂಗಾರದ ನಾಣ್ಯ. ಎಲ್ಲಿ ಮಾರಬೇಕೋ ನಮಗ ತಿಳಿಯಂಗಿಲ್ಲ. ಯಾರಿಗೂ ಹೇಳಬ್ಯಾಡ್ರಿ."

ವಿಜಯನಗರ, ದಾವಣಗೆರೆ ಜಿಲ್ಲೆಗಳ ಪೊಲೀಸ್ ಠಾಣೆಗಳಿಗೆ ಈ ಮಾತು ಹಳೆಯದು. ದೂರದ ಊರಿನವನೊಬ್ಬನಿಗೆ ಫೋನ್ ಬರುತ್ತದೆ. ಆತ ಬಂದರೆ ಒಂದೆರಡು ನಾಣ್ಯ ಕೈಗಿಟ್ಟು, ನಿಮ್ಮೂರಲ್ಲೇ ತೋರಿಸಿಕೊಂಡು ಬನ್ನಿ ಎನ್ನುತ್ತಾರೆ. ಅಕ್ಕಸಾಲಿಗ ಒರೆಗೆ ಹಚ್ಚುತ್ತಾನೆ, ಅಪ್ಪಟ ಬಂಗಾರ. ಅಲ್ಲಿಗೆ ಅರ್ಧ ಕೆಲಸ ಮುಗಿದಂತೆ. ಮುಂದಿನ ಸಲ ಸಾಲಸೋಲ ಮಾಡಿ ಹಣ ಹೊಂದಿಸಿಕೊಂಡು ಬಂದವನಿಗೆ ಊರಾಚೆ ಗಂಟು ಸಿಗುತ್ತದೆ. ಬಿಚ್ಚಿ ನೋಡುವಷ್ಟರಲ್ಲಿ ಯಾರೋ "ಪೊಲೀಸ್ರು ಬಂದ್ರು" ಎಂದು ಕೂಗಿದರೆ ಗಂಟು ಬಗಲಲ್ಲಿಟ್ಟುಕೊಂಡು ಓಡುವುದೇ. ಮನೆಗೆ ಹೋಗಿ ಬಿಚ್ಚಿದರೆ ಹಿತ್ತಾಳೆ.

ಇಲ್ಲಿನ ನಿಜವಾದ ಕೈಚಳಕ ಇರುವುದು "ಯಾರಿಗೂ ಹೇಳಬ್ಯಾಡ್ರಿ" ಎಂಬಲ್ಲಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾಯ್ದೆ 1878ರಿಂದಲೂ ಇದೆ. ಗುಟ್ಟಾಗಿ ಕೊಳ್ಳಲು ಹೊರಟವನು ತಾನೂ ತಪ್ಪಿನಲ್ಲಿ ಪಾಲುದಾರ. ಹಾಗಾಗಿ ಹಣ ಹೋದ ಮೇಲೂ ಠಾಣೆಯ ಮೆಟ್ಟಿಲು ಹತ್ತಲು ಅಳುಕುತ್ತಾನೆ. ಪೊಲೀಸರ ಸೋಗಿನಲ್ಲಿ ಕರೆ ಮಾಡಿ ಹೆದರಿಸುವ ಈಚಿನ 'ಡಿಜಿಟಲ್ ಅರೆಸ್ಟ್' ಕೂಡ ಇದೇ ಜಾತಿಯದು: ಫೋನ್ ಇಡಬೇಡಿ, ಮನೆಯವರಿಗೆ ಹೇಳಬೇಡಿ. ಅಂಥದ್ದೊಂದು ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ.

ಈ ಸೀಮೆಯಲ್ಲಿ ನಿಧಿಯ ಕಥೆಗೆ ಪೀಠಿಕೆ ಬೇಕಿಲ್ಲ. ಹಂಪಿಯ ಬೀದಿಯಲ್ಲಿ ಮುತ್ತುರತ್ನಗಳನ್ನು ಸೇರಿನಲ್ಲಿ ಅಳೆದು ಮಾರುತ್ತಿದ್ದರೆಂದು ಮೂರನೇ ತರಗತಿಯ ಹುಡುಗನಿಗೂ ಗೊತ್ತು. ಮೋಸಗಾರನ ಬಂಡವಾಳದ ದೊಡ್ಡ ಪಾಲನ್ನು ಹೀಗೆ ನಮ್ಮ ಅಭಿಮಾನವೇ ಹಾಕಿಕೊಟ್ಟಿದೆ. ಅದೇ ನಂಬಿಕೆಯಿಂದ 2019ರ ಜುಲೈನಲ್ಲಿ ನಿಧಿಗಳ್ಳರು ಆನೆಗೊಂದಿ ಬಳಿಯ ನವಬೃಂದಾವನಕ್ಕೆ ನುಗ್ಗಿ ಯತಿ ವ್ಯಾಸರಾಜರ ಸಮಾಧಿಯಾದ ಬೃಂದಾವನವನ್ನು ಒಡೆದರು. ಭಕ್ತರು, ಯತಿಗಳು ಕೂಡಿ ಅದನ್ನು ಕೂಡಲೇ ಮತ್ತೆ ಕಟ್ಟಿದರು.

ವ್ಯಾಸರಾಜರ ಶಿಷ್ಯರು ಪುರಂದರದಾಸರು. ಹಣದಿಂದ ಬಿಡಿಸಿಕೊಂಡವರ ಕಥೆಗಳಲ್ಲಿ ಕನ್ನಡಿಗರಿಗೆ ಇವರದಕ್ಕಿಂತ ದೊಡ್ಡದಿಲ್ಲ. ದಾಸರಾಗುವ ಮೊದಲು ಅವರು ಗಿರವಿ ವ್ಯಾಪಾರದ ಶ್ರೀನಿವಾಸ ನಾಯಕ, ನವಕೋಟಿ ನಾರಾಯಣ, ಕಡು ಜಿಪುಣ. ಮಗನ ಮುಂಜಿಗೆ ಹಣ ಬೇಡಿ ಬಂದ ಬಡ ಬ್ರಾಹ್ಮಣನನ್ನು ಇವತ್ತು ಬಾ ನಾಳೆ ಬಾ ಎಂದು ಸತಾಯಿಸುತ್ತಾನೆ. ಬ್ರಾಹ್ಮಣ ನಾಯಕನ ಹೆಂಡತಿಯಿಂದ ಮೂಗುತಿ ಪಡೆದು, ಅದನ್ನು ನಾಯಕನ ಅಂಗಡಿಗೇ ಒಯ್ಯುತ್ತಾನೆ. ಹೆಂಡತಿಯ ಒಡವೆಯನ್ನು ಗಂಡನಿಗೇ ಒಪ್ಪಿಸಿ ದುಡ್ಡು ಕೇಳುವುದು! ಬೇರೆ ಯಾರಾದರೂ ಮಾಡಿದ್ದರೆ ಕೇಸು ಬೀಳುತ್ತಿತ್ತು. ಇಲ್ಲಿ ಮಾಡಿದವನು ಬ್ರಾಹ್ಮಣನ ವೇಷದ ವಿಠಲ, ಆದ್ದರಿಂದ ಅದು ಲೀಲೆ.

ಹಾಗಾದರೆ ಒಳ್ಳೆಯ ಮೋಸವೂ ಉಂಟೇ? ಕಂಪ್ಲಿಯ ಕಡೆಯ ಕುಮಾರರಾಮನ ಕಥೆ ಉಂಟು ಎನ್ನುತ್ತದೆ. ಮಲತಾಯಿ ರತ್ನಾಜಿಯ ಸುಳ್ಳು ದೂರು ನಂಬಿ ಕಂಪಿಲರಾಯ ಮಗನ ತಲೆ ತರಲು ಅಪ್ಪಣೆ ಮಾಡುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ಬಚ್ಚಿಟ್ಟು ಬೇರೊಂದು ತಲೆ ತೋರಿಸುತ್ತಾನೆ. ಕೇಳುವವರಿಗೆ ಸಮಾಧಾನ. ಆದರೆ ಆ ತಲೆ ಒಬ್ಬನದಾಗಿತ್ತಲ್ಲ? ಹಾಡುವವರು ಅಲ್ಲಿ ನಿಲ್ಲುವುದಿಲ್ಲ.

ಪುರಂದರರ ಕಥೆಯಲ್ಲೂ ಹಾಗೇ ಒಂದು ಪ್ರಶ್ನೆ ಉಳಿಯುತ್ತದೆ. ನಾಯಕ ಮೋಸಗಾರನೇನಲ್ಲ, ಲೋಭಿ. ಕಣ್ಣು ತೆರೆದ ದಿನ ಸರ್ವಸ್ವವನ್ನೂ ದಾನ ಮಾಡಿ ಉಟ್ಟ ಬಟ್ಟೆಯಲ್ಲಿ ಹೊರಟ. ಒಡವೆ ಅಡವಿಟ್ಟು ಕಳೆದುಕೊಂಡವರ ವಿಚಾರ? ಕಥೆ ಹೇಳುವುದಿಲ್ಲ. ಬೈಬಲ್ಲಿನ ಜಕ್ಕಾಯ, ಅವನೂ ಶ್ರೀಮಂತ, ತೆರಿಗೆ ವಸೂಲಿಯವನು, ಈ ವಿಷಯದಲ್ಲಿ ಪಕ್ಕಾ ಲೆಕ್ಕಿಗ. ಅರ್ಧ ಆಸ್ತಿ ಬಡವರಿಗೆ, ಯಾರಿಂದ ಅನ್ಯಾಯವಾಗಿ ಕಿತ್ತಿದ್ದೇನೋ ಅವರಿಗೆ ನಾಲ್ಕರಷ್ಟು ಎನ್ನುತ್ತಾನೆ. ದಾನದ ಖಾತೆ ಬೇರೆ, ಬಾಕಿಯ ಖಾತೆ ಬೇರೆ. ನಮ್ಮ ಧರ್ಮಶಾಸ್ತ್ರವೂ ಕದ್ದದ್ದನ್ನು ಹಿಂದಿರುಗಿಸಿದ ಮೇಲೆಯೇ ಕೃಚ್ಛ್ರವೆಂಬ ಕಠಿಣ ವ್ರತ ಮಾಡು ಎಂದು ವಿಧಿಸುತ್ತದೆ. ಇಸ್ಲಾಮಿನ ತೌಬಾ, ಅಂದರೆ ಪಶ್ಚಾತ್ತಾಪದಲ್ಲೂ ಇನ್ನೊಬ್ಬರ ಹಕ್ಕು ಮುಟ್ಟಿಸದೆ ಬಿಡುಗಡೆಯಿಲ್ಲ. ವಂಚಿಸಿದ ಹಣದಲ್ಲಿ ಅನ್ನಸಂತರ್ಪಣೆ ಮಾಡಿಸಿ ಫ್ಲೆಕ್ಸ್ ಹಾಕಿಸಿಕೊಳ್ಳುವವರು ಇವುಗಳಲ್ಲಿ ಯಾವುದನ್ನೂ ಓದಿದಂತಿಲ್ಲ.

ವಂಚಕನ ವಿಷಯದಲ್ಲಿ ಇನ್ನೊಂದು ತೊಡಕೂ ಇದೆ. ಕೊಲೆಗಾರ ಪಶ್ಚಾತ್ತಾಪಪಟ್ಟರೆ ಮಾತಿನಲ್ಲಿ ಹೇಳುತ್ತಾನೆ. ಅವನ ಆಯುಧ ಬೇರೆ ಇತ್ತು. ವಂಚಕನ ಆಯುಧವೇ ಮಾತು. ಅಮೆರಿಕದ ಫ್ರಾಂಕ್ ಅಬಗ್ನೇಲ್ ಹದಿಹರೆಯದಲ್ಲೇ ಪೈಲಟ್, ವೈದ್ಯ, ವಕೀಲನ ವೇಷ ಹಾಕಿ ಜಗತ್ತನ್ನೇ ಯಾಮಾರಿಸಿದೆ, ಈಗ ತಿದ್ದಿಕೊಂಡಿದ್ದೇನೆ ಎಂದು ದಶಕಗಳ ಕಾಲ ಭಾಷಣ ಮಾಡಿದ. 2002ರಲ್ಲಿ ಸ್ಪೀಲ್‌ಬರ್ಗ್ ಸಿನಿಮಾ ಮಾಡಿದರು. ಅಲನ್ ಲೋಗನ್ ಎಂಬ ಲೇಖಕ ದಾಖಲೆ ಕೆದಕಿ 2020ರಲ್ಲಿ ಪುಸ್ತಕ ತಂದಾಗ ಬೇರೆಯೇ ಸಂಗತಿ ಕಂಡಿತು: ಆ ಸಾಹಸಗಳು ನಡೆದವೆನ್ನುವ ವರ್ಷಗಳಲ್ಲಿ, 1965ರಿಂದ 1968ರ ಬಹುಪಾಲು, ಆತ ನ್ಯೂಯಾರ್ಕ್ ರಾಜ್ಯದ ಜೈಲಿನಲ್ಲಿದ್ದ. ತಪ್ಪೊಪ್ಪಿಗೆಯೇ ಅವನ ಅತಿ ದೊಡ್ಡ ಟೋಪಿಯಾಗಿತ್ತು. ಹಾಗೆಂದು ಅವನು ಕೊಟ್ಟ ಎಚ್ಚರಿಕೆಗಳೆಲ್ಲ ಸುಳ್ಳೆನ್ನಲಾಗದು. ಬೀಗ ಎಲ್ಲಿ ಸಡಿಲ ಎಂದು ಕಳ್ಳ ಹೇಳಿದರೆ ಬೀಗ ನೋಡಿಕೊಳ್ಳಬೇಕು; ಕಳ್ಳನಿಗೆ ಶಾಲು ಹೊದಿಸುವುದು ಬೇರೆ ಮಾತು.

ಹನ್ನೆರಡನೇ ಶತಮಾನದ ಕನ್ನದ ಮಾರಿತಂದೆ ಇದಕ್ಕೆ ತದ್ವಿರುದ್ಧ. ಕನ್ನ ಹಾಕುತ್ತಿದ್ದವನು ಶರಣನಾದ ಮೇಲೂ ಹೆಸರಿನಿಂದ ಕನ್ನವನ್ನು ಅಳಿಸಿಕೊಳ್ಳಲಿಲ್ಲ. ಉಳಿದಿರುವ ಬೆರಳೆಣಿಕೆಯ ವಚನಗಳಲ್ಲೂ ಹಳೆಯ ಕಸುಬಿನ ಮಾತೇ. ತನ್ನ ಕಳ್ಳತನವನ್ನು ಸಾಹಸಗಾಥೆ ಮಾಡಿ ಮಾರಲಿಲ್ಲ.

ಮಾತನ್ನು ಬದಿಗಿಟ್ಟು ಪ್ರಾಯಶ್ಚಿತ್ತ ಮಾಡಿಸುವುದು ಹೇಗೆಂದು ಹೊಸಪೇಟೆಯ ನ್ಯಾಯಾಲಯ 2019ರ ಫೆಬ್ರವರಿಯಲ್ಲಿ ತೋರಿಸಿತು. ಹಂಪಿಯ ವಿಷ್ಣು ದೇಗುಲದ ಆವರಣದಲ್ಲಿ ಕಂಬ ಉರುಳಿಸಿ, ವಿಡಿಯೊ ಹರಿದಾಡಿ ಸಿಕ್ಕಿಬಿದ್ದ ನಾಲ್ವರಿಗೆ ತಲಾ 70,000 ರೂಪಾಯಿ ದಂಡ. ಜೊತೆಗೆ ಬೀಳಿಸಿದ ಕಂಬಗಳನ್ನು ತಾವೇ ನಿಲ್ಲಿಸಬೇಕು. ನಿಲ್ಲಿಸಿದರು. ಅವರ ಮನಸ್ಸಿನಲ್ಲಿ ಏನಿತ್ತೆಂದು ಯಾರೂ ಕೇಳಬೇಕಾಗಲಿಲ್ಲ.

ಕಂಬಕ್ಕೆ ಜಾಗ ಗೊತ್ತಿತ್ತು. ಗಣಿಗಳ ಸಂಡೂರಿನಲ್ಲಿ ಲೆಕ್ಕ ಅಷ್ಟು ಸಲೀಸಲ್ಲ. ಅಕ್ರಮ ಗಣಿಗಾರಿಕೆ ಕುರಿತು ಅಂದಿನ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂದ 2011ರ ಜುಲೈನಲ್ಲೇ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್‌ನಲ್ಲಿ ತಪ್ಪಿನ ತೂಕ ನೋಡಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದ್ದನ್ನು ಒಪ್ಪಿತು. ಸಿ ವರ್ಗದ ಗುತ್ತಿಗೆಗಳು ರದ್ದಾದವು. ಉಳಿದವರು ಭೂಮಿಯನ್ನು ಸರಿಪಡಿಸುವ ಯೋಜನೆ ಒಪ್ಪಿಕೊಂಡು, ಹಣ ಕಟ್ಟಿ ಕೆಲಸ ಶುರು ಮಾಡಬೇಕಾಯಿತು. ಆ ಹಣವನ್ನು ಗಣಿಬಾಧಿತ ಪ್ರದೇಶದ ಪರಿಸರಕ್ಕೂ ಜನಕ್ಕೂ ಖರ್ಚು ಮಾಡಲು ಸರ್ಕಾರ ಒಂದು ನಿಗಮವನ್ನೇ ಸ್ಥಾಪಿಸಿದೆ. ಲಾರಿ ಧೂಳು ಕೂತು ಕೆಂಪಾದ ಬೆಳೆಯ ಬಾಕಿ ಇದರಲ್ಲಿ ಯಾರ ಹೆಸರಿಗೆ, ಎಷ್ಟು ಬರೆಯಬೇಕು ಎಂಬುದನ್ನು ಮಾತ್ರ ಆ ಹೊಲದವರನ್ನೇ ಕೂರಿಸಿಕೊಂಡು ಲೆಕ್ಕ ಹಾಕಬೇಕು.